ತುರಿಕೆಗೊಂದು ಅಳತೆಗೋಲು



ಜ್ವರ ಅಳೆಯಲು ಥರ್ಮಾಮೀಟರ್ ಇದೆ. ರಕ್ತದ ಒತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿ ಇದೆ. ಸಕ್ಕರೆ ಕಾಯಿಲೆಯವರಿಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಅಂಕಿ ಬಂದುಬಿಡುತ್ತದೆ. ಆದರೆ ಮೈಯೆಲ್ಲ ಕೆರೆದುಕೊಂಡು, ರಾತ್ರಿಯಿಡೀ ನಿದ್ದೆಗೆಟ್ಟು, ಬೆಳಿಗ್ಗೆ ಶಾಲೆಯ ಬೆಂಚಿನ ಮೇಲೆ ತೂಕಡಿಸುವ ಮಗುವಿನ ತುರಿಕೆಯನ್ನು ನೀವು ಯಾವುದರಿಂದ ಅಳೆಯುತ್ತೀರಿ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಈ ಹುಡುಕಾಟದಲ್ಲಿ ಬರ್ಲಿನ್ ನಗರದ ಬಣ್ಣದ ಸೀಸೆಗಳಿವೆ, ಸಂಶೋಧಕರು ತಮ್ಮ ಮೈಗೇ ಚುಚ್ಚಿಕೊಂಡ ಸೂಜಿಗಳಿವೆ, ಜಪಾನಿನ ಒಂದು ಪ್ರಯೋಗಾಲಯವಿದೆ. ದೂರದರ್ಶನದಲ್ಲಿ ಆಡಿದ ಒಂದು ಮಾತು ಎಷ್ಟು ಮಕ್ಕಳ ಚರ್ಮವನ್ನು ಸುಡಬಲ್ಲದು ಎಂಬ ಪಾಠವೂ ಇದೆ. ಕಾರ್ಯಕ್ರಮ ತಯಾರಿಸುವ ನಾನು ವೈದ್ಯನಲ್ಲ, ಕಾಲೇಜಿನಲ್ಲಿ ವಿಜ್ಞಾನ ಓದಿದವನು ಅಷ್ಟೆ. ಆದ್ದರಿಂದ ಇಲ್ಲಿ ಔಷಧಿಯ ಸಲಹೆ ಇಲ್ಲ. ಅಳತೆಯ ಇತಿಹಾಸವನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ಹಾಲಿನಂತೆ ಉಕ್ಕುವ ರೋಗ

ನಮ್ಮ ಕಡೆ ಇಸುಬು ಎಂದು ಕರೆಯುವ ರೋಗಕ್ಕೆ ಇಂಗ್ಲಿಷಿನಲ್ಲಿ ಎಕ್ಸಿಮಾ ಎಂಬ ಹೆಸರಿದೆ. ಇದು ಗ್ರೀಕ್ ಮೂಲದ ಮಾತು, ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಬರುವುದು ಎಂದರ್ಥ. ಲಂಡನ್ನಿನ ವೈದ್ಯ ರಾಬರ್ಟ್ ವಿಲನ್ 1808ರ ಹೊತ್ತಿಗೆ ಚರ್ಮರೋಗಗಳನ್ನು ಅವುಗಳ ರೂಪ ನೋಡಿ ವಿಂಗಡಿಸಿದಾಗ ಈ ಹೆಸರಿಗೆ ವೈದ್ಯಶಾಸ್ತ್ರದಲ್ಲಿ ಗಟ್ಟಿಯಾದ ಸ್ಥಾನ ಸಿಕ್ಕಿತು.

ಇಸುಬಿನಲ್ಲಿ ಹಲವು ಬಗೆ. ಅವುಗಳಲ್ಲಿ ಒಂದು ಬಗೆ ಹಸುಗೂಸಿನ ಕೆನ್ನೆಯಲ್ಲಿ ಶುರುವಾಗಿ, ಮಗು ಬೆಳೆದಂತೆ ಮೊಣಕೈ ಮತ್ತು ಮೊಣಕಾಲುಗಳ ಮಡಿಕೆಗೆ ಇಳಿಯುತ್ತದೆ. ವರ್ಷಗಟ್ಟಲೆ ಬಂದು ಹೋಗಿ ಮಾಡುತ್ತದೆ. ಪ್ಯಾರಿಸ್ಸಿನ ಅರ್ನೆಸ್ಟ್ ಬೆನಿಯೆ 1892ರಲ್ಲಿ ಇದನ್ನು ವಿವರಿಸುತ್ತಾ, ಇಂಥ ರೋಗಿಗಳಲ್ಲಿ ಉಬ್ಬಸವೂ ಪರಾಗದಿಂದ ಬರುವ ಶೀತವೂ ಕೂಡಿ ಬರುವುದನ್ನು ಗುರುತಿಸಿದ. ಅಮೆರಿಕದ ಕೋಕಾ ಮತ್ತು ಕುಕ್ 1923ರಲ್ಲಿ ಈ ಕೌಟುಂಬಿಕ ಪ್ರವೃತ್ತಿಗೆ ‘ಅಟಾಪಿ’ ಎಂದು ಹೆಸರಿಟ್ಟರು. ಅದೂ ಗ್ರೀಕ್ ಮೂಲದ್ದೇ. ವಿಚಿತ್ರ, ತನ್ನ ಜಾಗದಲ್ಲಿಲ್ಲದ್ದು ಎಂಬ ಅರ್ಥ. ಹತ್ತು ವರ್ಷದ ನಂತರ, 1933ರಲ್ಲಿ, ವೈಸ್ ಮತ್ತು ಸಲ್ಜ್‌ಬರ್ಗರ್ ಎಂಬಿಬ್ಬರು ಚರ್ಮರೋಗಕ್ಕೆ ‘ಅಟಾಪಿಕ್ ಡರ್ಮಟೈಟಿಸ್’ ಎಂಬ ಹೆಸರು ಕೊಟ್ಟರು. ಇಂದಿಗೂ ಅದೇ ಹೆಸರು ಉಳಿದಿದೆ.

ಒಂದು ವಿಷಯವನ್ನು ಇಲ್ಲೇ ಸ್ಪಷ್ಟಪಡಿಸಿಬಿಡುತ್ತೇನೆ. ಇದು ಅಂಟುರೋಗವಲ್ಲ. ಕಜ್ಜಿಯ ಹಾಗೆ ಹುಳದಿಂದ ಬರುವುದಲ್ಲ, ಗಜಕರ್ಣದ ಹಾಗೆ ಬೂಷ್ಟಿನಿಂದ ಬರುವುದೂ ಅಲ್ಲ. ಮುಟ್ಟಿದರೆ, ಪಕ್ಕದಲ್ಲಿ ಕೂತರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಹರಡುವುದಿಲ್ಲ. ಚರ್ಮವೆಂಬ ಕೋಟೆಗೋಡೆ ದುರ್ಬಲವಾಗಿರುವುದು, ಒಳಗಿನ ರೋಗನಿರೋಧಕ ಪಡೆ ಅನಗತ್ಯವಾಗಿ ಕೆರಳುವುದು, ಇವೆರಡೂ ಸೇರಿ ಆಗುವ ಉರಿಯೂತ ಇದು. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಅನೇಕ ರೋಗಿಗಳಲ್ಲಿ ಕೆಟ್ಟಿರುತ್ತದೆಂದು ಸ್ಕಾಟ್ಲೆಂಡಿನ ಡಂಡಿ ನಗರದ ಸಂಶೋಧಕರು 2006ರಲ್ಲಿ ತೋರಿಸಿದರು. ಹಲವು ದೇಶಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ಈ ರೋಗ ಕಾಣಿಸಿಕೊಳ್ಳುತ್ತದೆ.

ಕಣ್ಣಳತೆಯ ಕಷ್ಟ

ರೋಗ ಯಾವುದೆಂದು ಗುರುತಿಸಿದ ಮೇಲೆ ವೈದ್ಯರ ಮುಂದಿನ ಪ್ರಶ್ನೆ, ಎಷ್ಟಿದೆ? ಸ್ವಲ್ಪವೋ, ಜಾಸ್ತಿಯೋ? ಹೋದ ತಿಂಗಳಿಗಿಂತ ಕಡಿಮೆಯೋ? ಬಹುಕಾಲ ಇದಕ್ಕೆ ಉತ್ತರ ಕಣ್ಣಳತೆಯಲ್ಲೇ ಇತ್ತು.

ಕಣ್ಣಳತೆ ಎಷ್ಟು ಮೋಸ ಮಾಡುತ್ತದೆಂದು ನಮ್ಮ ಸ್ಟುಡಿಯೋದಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಒಂದೇ ಮುಖ ಹಳದಿ ದೀಪದ ಕೆಳಗೆ ಒಂದು ಬಣ್ಣ, ಬಿಳಿ ದೀಪದ ಕೆಳಗೆ ಇನ್ನೊಂದು ಬಣ್ಣ. ಅದಕ್ಕೇ ಚಿತ್ರೀಕರಣಕ್ಕೆ ಮೊದಲು ಕ್ಯಾಮೆರಾಕ್ಕೆ ಒಂದು ಬಿಳಿ ಹಾಳೆ ತೋರಿಸಿ, ಇದು ಬಿಳಿ ಎಂದು ಕಲಿಸುತ್ತೇವೆ. ಮನುಷ್ಯನ ಕಣ್ಣಿಗೆ ಹಾಗೆ ಹಾಳೆ ತೋರಿಸುವವರಿಲ್ಲ. ಇನ್ನೊಂದು ತೊಡಕು ನಮಗೆ ಹತ್ತಿರದ್ದು. ಪಠ್ಯಪುಸ್ತಕಗಳ ಬಹುಪಾಲು ಚಿತ್ರಗಳು ಬಿಳಿ ಚರ್ಮದವು. ಅಲ್ಲಿ ಉರಿಯೂತ ಎದ್ದು ಕಾಣುವ ಕೆಂಪು. ನಮ್ಮಂಥ ಕಂದು ಮತ್ತು ಕಪ್ಪು ಮೈಬಣ್ಣದಲ್ಲಿ ಅದೇ ಉರಿಯೂತ ಬೂದುಬಣ್ಣವಾಗಿಯೋ ನೇರಳೆಯ ಛಾಯೆಯಾಗಿಯೋ ಕಾಣುತ್ತದೆ. ಕೆಂಪನ್ನೇ ಹುಡುಕುವ ಕಣ್ಣು ತೀವ್ರ ರೋಗವನ್ನೂ ಸಾಧಾರಣವೆಂದು ಬರೆದುಬಿಡುವ ಅಪಾಯವಿದೆ.

ಕಣ್ಣಳತೆಗೆ ಒಂದು ಶಿಸ್ತು ತರಲು ಯುರೋಪಿನ ತಜ್ಞರ ಪಡೆಯೊಂದು 1993ರಲ್ಲಿ ‘ಸ್ಕೋರಾಡ್’ ಎಂಬ ಅಂಕಪಟ್ಟಿಯನ್ನು ಪ್ರಕಟಿಸಿತು. ಅದರ ಲೆಕ್ಕ ಹೀಗಿದೆ. ದೇಹದ ನೂರರಲ್ಲಿ ಎಷ್ಟು ಪಾಲು ಚರ್ಮಕ್ಕೆ ರೋಗ ತಗುಲಿದೆ ಎಂಬುದು ‘ಅ’. ಕೆಂಪು, ಊತ, ಸೋರಿ ಕಟ್ಟಿದ ಹಕ್ಕಳೆ, ಕೆರೆದ ಗಾಯ, ಚರ್ಮ ದಪ್ಪಗಾಗುವುದು, ಒಣಗುವುದು ಎಂಬ ಆರು ಲಕ್ಷಣಗಳಿಗೆ ಒಂದೊಂದಕ್ಕೆ ಸೊನ್ನೆಯಿಂದ 3ರವರೆಗೆ ಅಂಕ ಕೊಟ್ಟು ಕೂಡಿದರೆ ‘ಆ’. ತುರಿಕೆಗೆ ಹತ್ತಕ್ಕೆ ಎಷ್ಟು, ಕೆಟ್ಟ ನಿದ್ದೆಗೆ ಹತ್ತಕ್ಕೆ ಎಷ್ಟು ಎಂದು ರೋಗಿಯೇ ಹೇಳುವ ಅಂಕಗಳ ಮೊತ್ತ ‘ಇ’. ಇವುಗಳಿಂದ

ಅ/5 + 7ಆ/2 + ಇ

ಎಂಬ ಸೂತ್ರ. ಒಂದು ಮಗುವಿನ ಮೈಯ ನೂರಕ್ಕೆ 40 ಪಾಲು ರೋಗವಿದೆ, ಲಕ್ಷಣಗಳ ಮೊತ್ತ 10, ತುರಿಕೆ ಮತ್ತು ನಿದ್ದೆಯ ಮೊತ್ತ 12 ಎಂದಿಟ್ಟುಕೊಳ್ಳಿ. ಆಗ 8 + 35 + 12 = 55. ಸಾಮಾನ್ಯವಾಗಿ 25ರೊಳಗಿದ್ದರೆ ಸೌಮ್ಯ, 50 ದಾಟಿದರೆ ತೀವ್ರ ಎಂದು ಗಣಿಸುತ್ತಾರೆ. ಅತಿ ಹೆಚ್ಚೆಂದರೆ ಎಷ್ಟು ಅಂಕ ಬರಬಹುದು? ನೀವೇ ಲೆಕ್ಕ ಹಾಕಿ, 103 ಬರುತ್ತದೆ.

ಸೂತ್ರವೇನೋ ಬಂತು. ಆದರೆ ಸೂತ್ರಕ್ಕೆ ಹಾಕುವ ಅಂಕಿಗಳು ಮತ್ತೆ ಕಣ್ಣಿನಿಂದಲೇ ಬರಬೇಕು. ಒಬ್ಬ ವೈದ್ಯರಿಗೆ 2 ಎಂದು ಕಂಡ ಕೆಂಪು ಇನ್ನೊಬ್ಬರಿಗೆ 3 ಎಂದು ಕಾಣಬಹುದು. ಇನ್ನೂ ದೊಡ್ಡ ಸಮಸ್ಯೆಯೊಂದಿದೆ. ಮೇಲೆ ಚರ್ಮ ಮಾಸಿದಂತೆ ಕಂಡರೂ ಒಳಗೆ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಇರಬಹುದು. ಆ ಕೆಂಡವನ್ನು ಕಣ್ಣು ನೋಡಲಾರದು. ನೋಡಬೇಕಾದರೆ ಚರ್ಮದ ಸುದ್ದಿಯನ್ನು ಹೊತ್ತು ತಿರುಗುವ ರಕ್ತವನ್ನೇ ಕೇಳಬೇಕು.

ಉಷೆಯ ಬಣ್ಣ ಹೀರಿದ ಕಣ

ರಕ್ತವನ್ನು ಕೇಳುವ ಕೆಲಸ ಇದಕ್ಕಿಂತ ಬಹಳ ಹಿಂದೆಯೇ ಶುರುವಾಗಿತ್ತು. 1870ರ ದಶಕದ ಜರ್ಮನಿಯಲ್ಲಿ ಬಟ್ಟೆಗೆ ಹಾಕುವ ಕೃತಕ ಬಣ್ಣಗಳ ಉದ್ಯಮ ಭರದಿಂದ ಬೆಳೆಯುತ್ತಿತ್ತು. ಪಾಲ್ ಎರ್ಲಿಕ್ ಎಂಬ ಯುವ ವೈದ್ಯನಿಗೆ ಈ ಬಣ್ಣಗಳ ಹುಚ್ಚು. ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ, ಒಣಗಿಸಿ, ಬಗೆಬಗೆಯ ಬಣ್ಣಗಳಲ್ಲಿ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಆತನ ಕೆಲಸ. ಆತ 1879ರಲ್ಲಿ ಒಂದು ವಿಶೇಷ ಬಗೆಯ ಬಿಳಿ ರಕ್ತಕಣವನ್ನು ವಿವರಿಸಿದ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಅದರ ಒಳಗಿನ ಹರಳುಗಳು ಆಸೆಯಿಂದ ಹೀರಿಕೊಂಡಿದ್ದವು. ಇಯೋಸ್ ಎಂದರೆ ಗ್ರೀಕರ ಉಷಾದೇವಿ. ಹೀಗೆ ಆ ಕಣ ಇಯೋಸಿನೊಫಿಲ್ ಆಯಿತು.

ಉಬ್ಬಸ ಮತ್ತು ಕೆಲವು ಚರ್ಮರೋಗಗಳಿರುವವರ ರಕ್ತದಲ್ಲಿ ಈ ಕಣಗಳ ಸಂಖ್ಯೆ ಏರುವುದನ್ನು ವೈದ್ಯರು ಆ ಶತಮಾನ ಮುಗಿಯುವುದರೊಳಗೇ ಕಂಡುಕೊಂಡರು. ಇಸುಬಿನ ತೀವ್ರತೆಗೆ ರಕ್ತದಿಂದ ದೊರೆತ ಮೊದಲ ಸುಳಿವು ಇದೆನ್ನಬಹುದು. ಇಂದಿಗೂ ನಿಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಇಯೋಸಿನೊಫಿಲ್ ಎಂಬ ಸಾಲು ಇದ್ದೇ ಇರುತ್ತದೆ. ಆದರೆ ಈ ಸುಳಿವು ಒರಟು. ಜಂತುಹುಳು ಇದ್ದರೂ ಇಯೋಸಿನೊಫಿಲ್ ಏರುತ್ತದೆ, ಕೆಲವು ಔಷಧಿ ಒಗ್ಗದಿದ್ದರೂ ಏರುತ್ತದೆ.

ಮೈಯೇ ಪ್ರಯೋಗಾಲಯ

ಎರಡನೆಯ ಸುಳಿವು ಸಿಕ್ಕಿದ್ದು ಬ್ರೆಸ್ಲಾವ್ ನಗರದಲ್ಲಿ, 1921ರಲ್ಲಿ. ಇಂದು ಅದು ಪೋಲೆಂಡಿನ ವ್ರೊತ್ಸ್ವಾವ್. ಅಲ್ಲಿನ ವೈದ್ಯ ಹೈಂಜ್ ಕ್ಯುಸ್ಟ್‌ನರ್‌ಗೆ ಬೇಯಿಸಿದ ಮೀನು ತಿಂದರೆ ಆಗುತ್ತಿರಲಿಲ್ಲ, ಮೈಯೆಲ್ಲ ದದ್ದು. ಆತನ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಜ್, ಕ್ಯುಸ್ಟ್‌ನರ್‌ನ ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ತನ್ನದೇ ಹೊಟ್ಟೆಯ ಚರ್ಮದೊಳಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಕೆಂಪಾಗಿ ದದ್ದು ಎದ್ದಿತು. ಮೀನು ತಿಂದು ಏನೂ ಆಗದ ಮನುಷ್ಯನ ಮೈಯಲ್ಲಿ, ಇನ್ನೊಬ್ಬನ ಅಲರ್ಜಿ ಒಂದು ಬಿಂದುವಿನಷ್ಟು ಜಾಗಕ್ಕೆ ದಾಟಿತ್ತು! ಅಂದರೆ ಸೀರಮ್ಮಿನಲ್ಲಿ ಯಾವುದೋ ವಸ್ತು ಇರಲೇಬೇಕು.

ಆ ವಸ್ತು ಯಾವುದೆಂದು ತಿಳಿಯಲು ಇನ್ನೂ 45 ವರ್ಷ ಹಿಡಿಯಿತು. ಕಾರಣ, ರಕ್ತದಲ್ಲಿ ಅದರ ಪ್ರಮಾಣ ತೀರಾ ಕಡಿಮೆ. ನಮ್ಮ ಮುಖ್ಯ ಪ್ರತಿಕಾಯವಾದ ಐಜಿಜಿಯ ಹತ್ತಾರು ಸಾವಿರದಲ್ಲಿ ಒಂದು ಪಾಲು. ಜಪಾನಿನಿಂದ ಅಮೆರಿಕದ ಡೆನ್ವರ್‌ಗೆ ಬಂದಿದ್ದ ಕಿಮಿಶಿಗೆ ಇಶಿಜಾಕಾ ಮತ್ತು ತೆರುಕೊ ಇಶಿಜಾಕಾ ದಂಪತಿ ಇದರ ಬೆನ್ನು ಹತ್ತಿದರು. ರ‍್ಯಾಗ್‌ವೀಡ್ ಎಂಬ ಕಳೆಗಿಡದ ಪರಾಗ ಆಗದವರ ಸೀರಮ್ಮನ್ನು ಹಂತಹಂತವಾಗಿ ಸೋಸಿ, ಪ್ರತಿ ಹಂತದಲ್ಲೂ ಪ್ರೌಸ್ನಿಟ್ಜನ ಪರೀಕ್ಷೆಯನ್ನೇ ಬಳಸಿ ಚರ್ಮದ ಮೇಲೆ ನೋಡುತ್ತಾ ಹೋದರು. ಪ್ರಯೋಗಕ್ಕೆ ತಮ್ಮದೇ ಚರ್ಮವನ್ನೂ ಒಡ್ಡಿಕೊಂಡರು. (ಈ ರ‍್ಯಾಗ್‌ವೀಡ್ ನಮ್ಮ ಹೊಲಗದ್ದೆ, ಖಾಲಿ ಸೈಟುಗಳಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂನ ಹತ್ತಿರದ ಬಂಧು.) 1966ರಲ್ಲಿ ಅವರು ಹೊಸದೊಂದು ಪ್ರತಿಕಾಯವನ್ನು ವರದಿ ಮಾಡಿದರು. ಚರ್ಮ ಕೆಂಪಗಾಗುವುದಕ್ಕೆ ವೈದ್ಯಶಾಸ್ತ್ರದಲ್ಲಿರುವ ‘ಎರಿತೀಮಾ’ ಎಂಬ ಮಾತಿನ ಮೊದಲ ಅಕ್ಷರ ‘ಇ’ ಅದಕ್ಕೆ ಗುರುತಾಯಿತು.

ಅದೇ ಹೊತ್ತಿಗೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಜೊಹಾನ್ಸನ್ ಮತ್ತು ಬೆನಿಚ್ ಎಂಬಿಬ್ಬರು, ಮೂಳೆಮಜ್ಜೆಯ ಒಂದು ಕ್ಯಾನ್ಸರ್ ಇದ್ದ ರೋಗಿಯ ರಕ್ತದಲ್ಲಿ ಯಾವ ಗುಂಪಿಗೂ ಸೇರದ ಪ್ರತಿಕಾಯವನ್ನು ಹೇರಳವಾಗಿ ಕಂಡಿದ್ದರು. ಎರಡೂ ಒಂದೇ ಎಂದು ತಿಳಿದ ಮೇಲೆ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ‘ಐಜಿಇ’ ಎಂಬ ಹೆಸರು ಸ್ಥಿರವಾಯಿತು. ವಿಕಿರಣಶೀಲ ಗುರುತು ಹಚ್ಚಿ ಅತ್ಯಲ್ಪ ಪ್ರಮಾಣದ ವಸ್ತುವನ್ನೂ ಅಳೆಯುವ ವಿಧಾನ ಆಗಲೇ ಬಂದಿತ್ತು. ಅದನ್ನು ರೂಪಿಸಿದ ರೊಸಾಲಿನ್ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹೀಗೆ ಇನ್ನೊಬ್ಬರ ಮೈಗೆ ಸೀರಮ್ ಚುಚ್ಚುವ ಕಾಲ ಮುಗಿಯಿತು. ಒಳ್ಳೆಯದೇ ಆಯಿತು, ಏಕೆಂದರೆ ಆ ಪರೀಕ್ಷೆಯಿಂದ ಕಾಮಾಲೆ ಹರಡುವ ಅಪಾಯವಿತ್ತು.

ಐಜಿಇ ಏಕೆ ಸಾಲಲಿಲ್ಲ?

ಇಸುಬಿನ ಅನೇಕ ರೋಗಿಗಳ ರಕ್ತದಲ್ಲಿ ಐಜಿಇ ಹೆಚ್ಚಿರುವುದು 1969ರ ಹೊತ್ತಿಗೆ ಗೊತ್ತಾಯಿತು. ಅಳತೆಗೋಲು ಸಿಕ್ಕಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಬಳಸಿ ನೋಡಿದಂತೆ ಮೂರು ತೊಡಕುಗಳು ಕಂಡವು.

ಮೊದಲನೆಯದು, ಸುಮಾರು ಐವರಲ್ಲಿ ಒಬ್ಬ ರೋಗಿಗೆ ಐಜಿಇ ಮಾಮೂಲಾಗಿಯೇ ಇರುತ್ತದೆ. ಮೈಯೆಲ್ಲ ಹುಣ್ಣಾಗಿದ್ದರೂ ಚೀಟಿಯಲ್ಲಿ ಏನೂ ಇಲ್ಲ. ಎರಡನೆಯದು, ಐಜಿಇ ಬೇಗ ಬದಲಾಗುವುದಿಲ್ಲ. ಚಿಕಿತ್ಸೆಯಿಂದ ಎರಡು ವಾರದಲ್ಲಿ ಚರ್ಮ ತಿಳಿಯಾದರೂ ಅಂಕಿ ಮೇಲೆಯೇ ನಿಂತಿರುತ್ತದೆ. ಅದು ಮಗುವಿನ ಅಲರ್ಜಿ ಪ್ರವೃತ್ತಿಯನ್ನು ಹೇಳುತ್ತದೆಯೇ ಹೊರತು ಇವತ್ತಿನ ಉರಿಯನ್ನಲ್ಲ. ಊರಿನ ಹವಾಗುಣ ಕೇಳಿದರೆ ಇವತ್ತು ಮಳೆ ಬರುತ್ತದೋ ಇಲ್ಲವೋ ತಿಳಿಯುವುದೇ? ಹಾಗೆ. ಮೂರನೆಯದು ನಮ್ಮಂಥ ದೇಶಕ್ಕೆ ವಿಶೇಷವಾಗಿ ಅನ್ವಯಿಸುವುದು. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಐಜಿಇ ಬಹಳ ಏರುತ್ತದೆ. ನಮ್ಮ ಶಾಲೆ ಮತ್ತು ಅಂಗನವಾಡಿಗಳಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆಚರಿಸಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ, ಆ ಹುಳುಗಳೇ. ಐಜಿಇ ಏರಿದ್ದು ಚರ್ಮದ ಕಾರಣಕ್ಕೋ, ಕರುಳಿನ ಕಾರಣಕ್ಕೋ ಹೇಳುವುದು ಕಷ್ಟ.

ಆದ್ದರಿಂದ ಹುಡುಕಾಟ ನಿಲ್ಲಲಿಲ್ಲ. ಜೀವಕೋಶಗಳು ಹಾನಿಗೊಂಡಾಗ ಸೋರುವ ಎಲ್‌ಡಿಎಚ್ ಎಂಬ ಕಿಣ್ವವನ್ನು ಅಳೆದರು. ಇಯೋಸಿನೊಫಿಲ್ ಕಣ ಉಗುಳುವ ಪ್ರೋಟೀನನ್ನು ಅಳೆದರು. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಹೇಳಿತು, ಯಾವುದೂ ಪೂರ್ತಿ ಹೇಳಲಿಲ್ಲ.

ಒಂದು ಮಾತು, ಸಾವಿರಾರು ಮನೆ

ಇಲ್ಲಿಂದ ಕಥೆ ಜಪಾನಿಗೆ ಹೋಗುತ್ತದೆ. ಹೋಗುವ ಮುನ್ನ ಮುಲಾಮಿನ ವಿಷಯ ಸ್ವಲ್ಪ ತಿಳಿದಿರಬೇಕು. ರೋಗಕ್ಕೆ ಹೆಸರಿಟ್ಟ ಅದೇ ಸಲ್ಜ್‌ಬರ್ಗರ್, ವಿಟೆನ್ ಎಂಬವರ ಜೊತೆ ಸೇರಿ 1952ರಲ್ಲಿ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಇಸುಬು ತಗ್ಗುವುದನ್ನು ತೋರಿಸಿದ್ದರು. ಮುಂದೆ ಅದಕ್ಕಿಂತ ಬಲವಾದ ಮುಲಾಮುಗಳು ಬಂದವು. ಸರಿಯಾದ ಜಾಗಕ್ಕೆ, ಸರಿಯಾದ ಬಲದ್ದನ್ನು, ಸರಿಯಾದ ಅವಧಿಗೆ ಹಚ್ಚಿದರೆ ಇವು ದೊಡ್ಡ ಉಪಕಾರಿ. ಲೆಕ್ಕವಿಲ್ಲದೆ ಹಚ್ಚಿದರೆ ಚರ್ಮ ತೆಳ್ಳಗಾಗುವುದೂ ನಿಜ.

ಜಪಾನಿನಲ್ಲಿ 1990ರ ದಶಕದಲ್ಲಿ ಈ ಮುಲಾಮುಗಳ ವಿರುದ್ಧ ದೊಡ್ಡ ಭಯ ಹಬ್ಬಿತು. 1992ರಲ್ಲಿ ಬಹು ಜನಪ್ರಿಯವಾಗಿದ್ದ ದೂರದರ್ಶನ ಸುದ್ದಿ ಕಾರ್ಯಕ್ರಮವೊಂದು, ಸ್ಟೀರಾಯ್ಡನ್ನು ಕೊಟ್ಟಕೊನೆಯ ಅಸ್ತ್ರವೆಂದು ತಿಳಿಯಬೇಕೆಂಬ ಅರ್ಥ ಬರುವಂತೆ ಮಾತನಾಡಿತು. ಪತ್ರಿಕೆಗಳೂ ಧ್ವನಿಗೂಡಿಸಿದವು. ಎಷ್ಟೋ ಮನೆಗಳಲ್ಲಿ ಮುಲಾಮನ್ನು ಒಮ್ಮೆಲೇ ನಿಲ್ಲಿಸಿದರು. ತಗ್ಗಿದ್ದ ರೋಗ ಭುಗಿಲೆದ್ದಿತು. ಗುಣಪಡಿಸುತ್ತೇವೆಂದು ಹೇಳಿ ವಿಶೇಷ ನೀರು, ವಿಶೇಷ ಸಾಬೂನು, ವಿಶೇಷ ಆಹಾರ ಮಾರುವವರಿಗೆ ಸುಗ್ಗಿಯಾಯಿತು. ಅಲ್ಲಿನ ಚರ್ಮರೋಗ ತಜ್ಞರ ಸಂಘ 2000ದಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಪ್ರಕಟಿಸಿ ಜನರ ವಿಶ್ವಾಸವನ್ನು ಮರಳಿ ಪಡೆಯಲು ಶ್ರಮಿಸಬೇಕಾಯಿತು. ನಮ್ಮ ವೃತ್ತಿಯವರೆಲ್ಲ ಓದಬೇಕಾದ ಅಧ್ಯಾಯ ಇದು. ಪರದೆಯ ಮೇಲಿನ ಅರ್ಧ ನಿಮಿಷದ ಮಾತಿಗೆ, ಯಾವ ಮಗುವಿಗೆ, ಎಷ್ಟು ದಿನ, ಯಾವ ಬಲದ ಮುಲಾಮು ಎಂಬ ವಿವರ ಹಿಡಿಸುವುದಿಲ್ಲ. ಆದರೆ ಹಚ್ಚುವ ತಾಯಿಗೆ ಬೇಕಾದದ್ದು ಆ ವಿವರವೇ.

ಟಾರ್ಕ್ ಎಂಬ ಕಹಳೆ

ಈ ಗದ್ದಲದ ನಡುವೆಯೇ, 1996ರಲ್ಲಿ, ಒಸಾಕಾದ ಔಷಧ ಕಂಪನಿಯೊಂದರ ಸಂಶೋಧನಾಲಯದಲ್ಲಿ ತೊಶಿಯೊ ಇಮಾಯ್, ಒಸಾಮು ಯೊಶಿಯೆ ಮತ್ತು ಸಂಗಡಿಗರು ಒಂದು ಸಣ್ಣ ಪ್ರೋಟೀನನ್ನು ಪತ್ತೆ ಮಾಡಿದರು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಹೆಚ್ಚಾಗಿ ಕಂಡದ್ದರಿಂದ ಅದಕ್ಕಿಟ್ಟ ಉದ್ದನೆಯ ಹೆಸರಿನ ಮೊದಲಕ್ಷರಗಳು ಸೇರಿ ‘ಟಾರ್ಕ್’ ಆಯಿತು. ಮುಂದೆ ‘ಸಿಸಿಎಲ್ 17’ ಎಂಬ ಹೆಸರೂ ಬಂತು. ಆಗ ಅವರು ಚರ್ಮರೋಗದ ಅಳತೆಗೋಲನ್ನು ಹುಡುಕುತ್ತಿರಲಿಲ್ಲ. ಜೀವಕೋಶಗಳು ಒಂದನ್ನೊಂದು ಕರೆಯುವ ಸಂಕೇತಗಳನ್ನು ಹುಡುಕುತ್ತಿದ್ದರು.

ಟಾರ್ಕಿನ ಕೆಲಸವೂ ಕರೆಯುವುದೇ. ಹಳೆಯ ಕಾಲದ ಕೋಟೆಯಲ್ಲಿ ಕಹಳೆ ಊದಿದರೆ ಸೈನಿಕರು ಆ ದಿಕ್ಕಿಗೆ ಓಡಿಬರುತ್ತಿದ್ದರಂತೆ. ಹಾಗೆಯೇ ಉರಿಯೂತವಿರುವ ಚರ್ಮದ ಕೋಶಗಳು ಟಾರ್ಕನ್ನು ಸುರಿಸುತ್ತವೆ. ರಕ್ತದಲ್ಲಿ ಸಾಗುವ ಬಿಳಿಕಣಗಳಲ್ಲಿ ‘ಟಿಎಚ್ 2’ ಎಂಬ ಗುಂಪಿನವು ಈ ಕಹಳೆಗೆ ಕಿವಿಗೊಡುತ್ತವೆ. ಅವುಗಳ ಮೈಮೇಲೆ ಟಾರ್ಕಿಗೆ ಸರಿಹೊಂದುವ ಬೀಗದಂಥ ರಚನೆ ಇದೆ. ಅವು ಚರ್ಮಕ್ಕೆ ನುಗ್ಗಿ ಅಲರ್ಜಿಯ ರಾಸಾಯನಿಕಗಳನ್ನು ಬಿಡುತ್ತವೆ. ಅದರಿಂದ ಚರ್ಮ ಇನ್ನಷ್ಟು ಕೆರಳಿ ಇನ್ನಷ್ಟು ಟಾರ್ಕ್ ಸುರಿಸುತ್ತದೆ. ಹೀಗೆ ಒಂದು ವಿಷಚಕ್ರ. ಇದರಲ್ಲಿ ಸ್ವಲ್ಪ ಟಾರ್ಕ್ ರಕ್ತಕ್ಕೂ ಸೇರುವುದರಿಂದ ಅದನ್ನು ಅಳೆಯಬಹುದು.

ತೋಕಿಯೊ ವಿಶ್ವವಿದ್ಯಾಲಯದ ಚರ್ಮರೋಗ ವಿಭಾಗದ ತಕಾಶಿ ಕಾಕಿನುಮಾ ಮತ್ತು ಸಂಗಡಿಗರು 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಸುಬಿನ ರೋಗಿಗಳ ರಕ್ತದಲ್ಲಿ ಟಾರ್ಕ್, ಆರೋಗ್ಯವಂತರಿಗಿಂತ ಹೆಚ್ಚಿತ್ತು. ಸೋರಿಯಾಸಿಸ್ ರೋಗಿಗಳಿಗಿಂತಲೂ ಹೆಚ್ಚಿತ್ತು. ಸ್ಕೋರಾಡ್ ಅಂಕ ಏರಿದವರಲ್ಲಿ ಟಾರ್ಕೂ ಏರಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯಿಂದ ಚರ್ಮ ಸುಧಾರಿಸಿದಾಗ ಅದು ಇಳಿಯಿತು. ಐಜಿಇ ಮಾಡದಿದ್ದ ಕೆಲಸ ಇದು.

ಪ್ರಮಾಣ ಎಷ್ಟೆಂದು ಕೇಳಿ. ವಯಸ್ಕರಲ್ಲಿ ಒಂದು ಮಿಲಿಲೀಟರಿಗೆ 450 ಪಿಕೊಗ್ರಾಮಿನೊಳಗಿದ್ದರೆ ಮಾಮೂಲು ಎನ್ನುತ್ತಾರೆ. ಪಿಕೊಗ್ರಾಮ್ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ನಮ್ಮ ಬಡಾವಣೆಗಳಿಗೆ ಬೇಸಿಗೆಯಲ್ಲಿ ಬರುವ 12,000 ಲೀಟರಿನ ನೀರಿನ ಟ್ಯಾಂಕರಿಗೆ ಬರೀ 5 ಮಿಲಿಗ್ರಾಮಿನಷ್ಟು ಉಪ್ಪು, ಅಂದರೆ ಚಿಟಿಕೆಗೂ ಬಾರದ ಕೆಲವೇ ಹರಳು, ಹಾಕಿದರೆ ಸುಮಾರು ಇದೇ ಸಾಂದ್ರತೆ. ಇದನ್ನು ಅಳೆಯಲು ಬಳಸುವುದು 1971ರಲ್ಲಿ ಸ್ವೀಡನ್ನಿನ ಎಂಗ್‌ವಾಲ್ ಮತ್ತು ಪರ್ಲ್‌ಮನ್ ಪ್ರಕಟಿಸಿದ ‘ಎಲೈಸಾ’ ತತ್ತ್ವ. ಬೇಕಾದ ಪ್ರೋಟೀನನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿದು, ಒಂದಕ್ಕೆ ಕಟ್ಟಿದ ಕಿಣ್ವದಿಂದ ಬಣ್ಣ ಬರಿಸಿ, ಬಣ್ಣದ ದಟ್ಟಣೆಯನ್ನು ಯಂತ್ರದಿಂದ ಅಳೆಯುವುದು. ಎರ್ಲಿಕ್ ಕಣ್ಣಿನಿಂದ ನೋಡಿದ ಬಣ್ಣವನ್ನು ಇಲ್ಲಿ ಯಂತ್ರ ನೋಡುತ್ತದೆ.

ಜಪಾನ್ ಸರ್ಕಾರ 2008ರಲ್ಲಿ ಈ ಪರೀಕ್ಷೆಯನ್ನು ತನ್ನ ಆರೋಗ್ಯ ವಿಮೆಗೆ ಸೇರಿಸಿತು. ಇದರಿಂದ ಆದ ಉಪಯೋಗ ಇದು. ಮಗುವಿನ ಚರ್ಮ ನುಣುಪಾಗಿದೆ, ಮುಲಾಮು ನಿಲ್ಲಿಸಬಹುದಲ್ಲವೇ ಎಂದು ತಾಯಿ ಕೇಳುತ್ತಾಳೆ. ಟಾರ್ಕ್ ಇನ್ನೂ ಮೇಲಿದ್ದರೆ, ಬೂದಿಯ ಕೆಳಗೆ ಕೆಂಡ ಇದೆ ಎಂದು ವೈದ್ಯರು ಅಂಕಿಯನ್ನೇ ತೋರಿಸಿ ಹೇಳಬಹುದು. ಒಮ್ಮೆಲೇ ನಿಲ್ಲಿಸದೆ ವಾರಕ್ಕೆ ಎರಡು ಬಾರಿಯಂತೆ ಇಳಿಸುತ್ತಾ ಹೋಗಬಹುದು. ಅಂಕಿ ಇಳಿದಿದ್ದರೆ ಅನಗತ್ಯವಾಗಿ ಹಚ್ಚುವುದನ್ನೂ ತಪ್ಪಿಸಬಹುದು. ಮುಲಾಮಿಗೆ ಹೆದರುವವರಿಗೂ ಅತಿಯಾಗಿ ಬಳಸುವವರಿಗೂ ಒಂದೇ ಅಂಕಿ ಉತ್ತರ ಕೊಡುತ್ತದೆ.

ಅಳತೆಗೂ ಮಿತಿಯಿದೆ

ನೆದರ್‌ಲೆಂಡ್ಸ್‌ನ ಸಂಶೋಧಕರು 2015ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ರಾಶಿ ಹಾಕಿ ನೋಡಿದರು. ಇಸುಬಿನ ತೀವ್ರತೆಗೆ ಸೂಚಕವೆಂದು ಇನ್ನೂರಕ್ಕೂ ಹೆಚ್ಚು ವಸ್ತುಗಳನ್ನು ಪರೀಕ್ಷಿಸಲಾಗಿತ್ತು. ಅವುಗಳಲ್ಲಿ ಟಾರ್ಕ್ ಅತ್ಯಂತ ವಿಶ್ವಾಸಾರ್ಹ ಎಂದು ತೀರ್ಮಾನಿಸಿದರು. ರೋಗದ ಅಂಕಕ್ಕೂ ಟಾರ್ಕಿಗೂ ಇದ್ದ ಸಹಸಂಬಂಧ ಸುಮಾರು 0.6. ಸಂಖ್ಯಾಶಾಸ್ತ್ರ ಓದುವವರು ಇದನ್ನು ವರ್ಗ ಮಾಡಿ ನೋಡಿ: 0.36. ರೋಗಿಯಿಂದ ರೋಗಿಗೆ ಕಾಣುವ ವ್ಯತ್ಯಾಸದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಈ ಸಂಬಂಧ ವಿವರಿಸುತ್ತದೆ. ಅತ್ಯುತ್ತಮ ಸೂಚಕದ ಗತಿಯೇ ಇದು! ಅದಕ್ಕೇ ಬೇರೆ ಬೇರೆ ರೋಗಿಗಳನ್ನು ಹೋಲಿಸುವುದಕ್ಕಿಂತ ಒಬ್ಬನೇ ರೋಗಿಯ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವುದು ಜಾಣತನ.

ಇನ್ನೂ ಎಚ್ಚರಿಕೆಗಳಿವೆ. ಪುಟ್ಟ ಮಕ್ಕಳಲ್ಲಿ ಟಾರ್ಕ್ ಸಹಜವಾಗಿಯೇ ಹೆಚ್ಚು. ಒಂದರಿಂದ ಎರಡು ವರ್ಷದವರಿಗೆ 998, ಎರಡು ದಾಟಿ ಹದಿನೈದರವರೆಗೆ 743 ಪಿಕೊಗ್ರಾಮ್ ಎಂಬ ಬೇರೆ ಗೆರೆಗಳನ್ನು ಜಪಾನಿನಲ್ಲಿ ಎಳೆದಿದ್ದಾರೆ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಟಾರ್ಕ್ ಬಹಳ ಏರುತ್ತದೆ. ಆದ್ದರಿಂದ ಬರೀ ಅಂಕಿ ನೋಡಿ ರೋಗ ಯಾವುದೆಂದು ಹೇಳುವಂತಿಲ್ಲ. ಹೊಸ ಔಷಧಿಗಳು ಇನ್ನೊಂದು ಪಾಠ ಕಲಿಸಿವೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದು ಟಾರ್ಕ್ ಹುಟ್ಟುವ ದಾರಿಗೇ ಅಡ್ಡ ನಿಲ್ಲುತ್ತದೆ. ಅಂಕಿ ಸರ್ರನೆ ಇಳಿಯುತ್ತದೆ, ಚರ್ಮ ಅಷ್ಟೇ ಬೇಗ ಗುಣವಾಗಿರಬೇಕೆಂದಿಲ್ಲ. ಜಪಾನಿನಲ್ಲಿ 2022ರಲ್ಲಿ ಬಂದ ನೆಮೊಲಿಜುಮ್ಯಾಬ್ ತುರಿಕೆಯ ಸಂಕೇತವನ್ನು ತಡೆಯುತ್ತದೆ. ಅದನ್ನು ಪಡೆದ ಕೆಲವರಲ್ಲಿ ತುರಿಕೆ ಇಳಿದರೂ ಟಾರ್ಕ್ ಸ್ವಲ್ಪ ಕಾಲ ಏರಿದ್ದುಂಟು. ಅಂಕಿ ಒಂದು ದಾರಿ, ಮಗುವಿನ ಸುಖ ಇನ್ನೊಂದು ದಾರಿ! ಟಾರ್ಕ್ ಅಳೆಯುವುದು ಕಹಳೆಯ ಸದ್ದನ್ನು, ತುರಿಕೆಯನ್ನಲ್ಲ ಎಂಬುದನ್ನು ಮರೆಯಬಾರದು. ಮಕ್ಕಳಿಗಾಗಿ ‘ಎಸ್‌ಸಿಸಿಎ 2’ ಎಂಬ ಇನ್ನೊಂದು ರಕ್ತಪರೀಕ್ಷೆಯನ್ನೂ ಜಪಾನ್ 2021ರಲ್ಲಿ ವಿಮೆಗೆ ಸೇರಿಸಿದೆ. ಹುಡುಕಾಟ ಮುಂದುವರಿದಿದೆ.

ನಮ್ಮಲ್ಲಿ ಏನು?

ಟಾರ್ಕ್ ನಮ್ಮ ಪ್ರತಿ ಊರಿನ ಪ್ರಯೋಗಾಲಯದಲ್ಲಿ ಸಿಗುವ ಪರೀಕ್ಷೆಯಲ್ಲ. ಇಲ್ಲಿ ಇಂದಿಗೂ ವೈದ್ಯರ ಕಣ್ಣು ಮತ್ತು ಮನೆಯವರು ಹೇಳುವ ಮಾತು, ಇವೇ ಮುಖ್ಯ ಅಳತೆ. ನಮ್ಮ ತೊಂದರೆ ಜಪಾನಿನದಕ್ಕೆ ತಿರುಗುಮುರುಗು. ಅಲ್ಲಿ ಹೆದರಿ ಮುಲಾಮು ಬಿಟ್ಟರು. ಇಲ್ಲಿ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಕೇಳಿ, ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಇಸುಬಿಗೂ ಗಜಕರ್ಣಕ್ಕೂ ಮೊಡವೆಗೂ ಹಚ್ಚುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಆದೇಶ ಕಾಗದದಲ್ಲಿದ್ದರೆ ಸಾಲದು, ಕೊಳ್ಳುವ ನಮಗೂ ಗೊತ್ತಿರಬೇಕು.

ನಿಮ್ಮ ತರಗತಿಯಲ್ಲೂ ಇಸುಬು ಇರುವ ಒಬ್ಬ ಗೆಳೆಯನೋ ಗೆಳತಿಯೋ ಇರಬಹುದು. ತೋಳು ಮುಚ್ಚುವ ಅಂಗಿ ತೊಟ್ಟು, ಕೊನೆಯ ಬೆಂಚಿನಲ್ಲಿ ಕೂತಿರಬಹುದು. ಸ್ಕೋರಾಡ್ ಸೂತ್ರದ ‘ಇ’ ಭಾಗ ನೆನಪಿದೆಯೇ? ತುರಿಕೆ ಎಷ್ಟು, ನಿದ್ದೆ ಎಷ್ಟು ಎಂದು ರೋಗಿಯನ್ನೇ ಕೇಳಿ ಬರೆದುಕೊಳ್ಳುವ ಭಾಗ. ಇಷ್ಟೆಲ್ಲ ರಕ್ತಪರೀಕ್ಷೆಗಳು ಬಂದ ಮೇಲೂ ಅದನ್ನು ಯಾರೂ ತೆಗೆದುಹಾಕಿಲ್ಲ. ನೀವೂ ಕೇಳಬಹುದು. ಪಕ್ಕದಲ್ಲಿ ಕೂತು ಕೇಳಿ, ಅಂಟುವುದಿಲ್ಲ.

ನೀವೇ ಮಾಡಿ ನೋಡಿ

ಬೆರಳು ಜೋಡಿಸಿದ ಒಂದು ಅಂಗೈ, ಆ ವ್ಯಕ್ತಿಯ ಮೈಚರ್ಮದ ನೂರರಲ್ಲಿ ಒಂದು ಪಾಲು ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಇದು ಎಷ್ಟು ಸರಿ? ಗ್ರಾಫ್ ಹಾಳೆಯ ಮೇಲೆ ಕೈಯಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಒಳಗಿನ ಚೌಕಗಳನ್ನು ಎಣಿಸಿ, ಚದರ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ನಂತರ ನಿಮ್ಮ ಎತ್ತರ (ಸೆಂಟಿಮೀಟರ್) ಮತ್ತು ತೂಕ (ಕಿಲೋಗ್ರಾಮ್) ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಇದು 1987ರಲ್ಲಿ ಮೊಸ್ಟೆಲರ್ ಕೊಟ್ಟ ಸೂತ್ರ; ನಿಮ್ಮ ಮೈಚರ್ಮದ ವಿಸ್ತೀರ್ಣ ಚದರ ಮೀಟರಿನಲ್ಲಿ ಸಿಗುತ್ತದೆ. 160 ಸೆಂಟಿಮೀಟರ್ ಎತ್ತರ, 50 ಕಿಲೋ ತೂಕವಿದ್ದರೆ ಸುಮಾರು 1.49 ಚದರ ಮೀಟರ್, ಅದರ ನೂರನೆಯ ಒಂದು ಪಾಲು 149 ಚದರ ಸೆಂಟಿಮೀಟರ್. ನಿಮ್ಮ ಕೈಯ ಅಳತೆ ಇದಕ್ಕಿಂತ ಕಡಿಮೆ ಬಂದರೆ ಆಶ್ಚರ್ಯಪಡಬೇಡಿ. ದೊಡ್ಡವರ ಅಂಗೈ ಬೆರಳುಗಳೂ ಸೇರಿ ನೂರಕ್ಕೆ ಸುಮಾರು 0.8ರಷ್ಟೇ ಇರುತ್ತದೆ. ಇಡೀ ತರಗತಿಯ ಅಳತೆಗಳನ್ನು ಒಂದು ಪಟ್ಟಿ ಮಾಡಿ, ಸರಾಸರಿ ತೆಗೆದು, ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ.